ಎಲ್ಲಿದ್ದೀರಿ?



ಇವತ್ತಿನ ಮಾತನ್ನು ಒಂದು ಸಣ್ಣ ಪರೀಕ್ಷೆಯಿಂದ ಆರಂಭಿಸೋಣ. ಹೆದರಬೇಡಿ, ಇದಕ್ಕೆ ಅಂಕಗಳಿಲ್ಲ. ನೀವು ಈಗ ಕುಳಿತಿರುವ ಜಾಗ ಎಲ್ಲಿದೆ ಎಂಬುದನ್ನು, ನಿಮ್ಮ ಊರನ್ನು ಎಂದೂ ನೋಡಿರದ ಒಬ್ಬ ಅಪರಿಚಿತರಿಗೆ ಅರ್ಧ ನಿಮಿಷದಲ್ಲಿ ಹೇಳಬೇಕು. ಅವರು ನಿಮ್ಮ ಮಾತನ್ನಷ್ಟೇ ನಂಬಿ, ಕತ್ತಲಲ್ಲಿ ವಾಹನ ಓಡಿಸಿಕೊಂಡು ನೇರವಾಗಿ ನಿಮ್ಮ ಬಾಗಿಲಿಗೆ ಬಂದು ನಿಲ್ಲಬೇಕು. “ಹಿಟ್ಟಿನ ಗಿರಣಿ ಪಕ್ಕ, ಯಾರನ್ನು ಕೇಳಿದರೂ ಹೇಳುತ್ತಾರೆ” ಎಂದರೆ ನಡೆಯದು. ಏಕೆಂದರೆ ರಾತ್ರಿ ಎರಡು ಗಂಟೆಗೆ ಕೇಳಲು ಬೀದಿಯಲ್ಲಿ ಯಾರೂ ಇರುವುದಿಲ್ಲ.

ಒಮ್ಮೆ ಪ್ರಯತ್ನಿಸಿ ನೋಡಿ. ಅಷ್ಟು ಸುಲಭವಲ್ಲ ಎಂಬುದು ನಿಮಗೇ ಗೊತ್ತಾಗುತ್ತದೆ.

ನಾನು ವಿಜ್ಞಾನ ಓದಿದವಳು. ದೂರದರ್ಶನದ ಕಾರ್ಯಕ್ರಮಗಳನ್ನು ತಯಾರಿಸುವುದು ನನ್ನ ವೃತ್ತಿ. ಸಾವಿರಾರು ಮನೆಗಳಿಗೆ ಏಕಕಾಲಕ್ಕೆ ಮಾತು ಮುಟ್ಟಿಸುವ ಕೆಲಸ ಅದು. ಆದರೆ ನನ್ನ ಬದುಕಿನಲ್ಲಿ ಮೂರು ಸಂದರ್ಭಗಳಲ್ಲಿ ಒಬ್ಬರೇ ಒಬ್ಬರಿಗೆ ಒಂದೇ ಒಂದು ಮಾತು ಮುಟ್ಟಿಸಬೇಕಾಗಿ ಬಂದಿತ್ತು. ಒಂದರಲ್ಲಿ ನಾನು ಬರಿಯ ಪ್ರೇಕ್ಷಕಿ. ಉಳಿದೆರಡರಲ್ಲಿ ಫೋನು ನನ್ನ ಕೈಯಲ್ಲೇ ಇತ್ತು. ಮೂರರಲ್ಲೂ ತಪ್ಪಾಯಿತು. ಆ ತಪ್ಪುಗಳನ್ನು ನಿಮ್ಮ ಮುಂದೆ ಬಿಚ್ಚಿಡಬೇಕೆಂದೇ ಇವತ್ತು ಬಂದಿದ್ದೇನೆ.

ಮೊದಲನೆಯದು 1991ರ ಬೇಸಿಗೆ. ನನಗಾಗ ಹನ್ನೊಂದು ವರ್ಷ. ಮಂಡ್ಯ ಜಿಲ್ಲೆಯ ನಮ್ಮ ಊರಿನ ಹೆಸರು ಹೊಸಹಳ್ಳಿ. ಒಂದು ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಮಲಗಿದ್ದೆವು. ಕೇರಿಯ ಕೊನೆಯಲ್ಲಿ ಆಕಾಶ ಕೆಂಪಾಯಿತು. ಗಂಡನನ್ನು ಕಳೆದುಕೊಂಡು ಒಂಟಿಯಾಗಿ ಬೇಸಾಯ ಮಾಡುತ್ತಿದ್ದ ಒಬ್ಬ ತಾಯಿಯ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತ್ತು. ಬಣವೆಗೆ ತಾಗಿಕೊಂಡೇ ಕೊಟ್ಟಿಗೆ, ಕೊಟ್ಟಿಗೆಗೆ ತಾಗಿಕೊಂಡೇ ಮನೆ. ಊರವರೆಲ್ಲ ಕೊಡ, ಬಿಂದಿಗೆ ಹಿಡಿದು ಬಾವಿಗೆ ಓಡಿದರು.

ಊರಿಗೆಲ್ಲ ಆಗ ಇದ್ದದ್ದು ಒಂದೇ ಫೋನು, ಅಂಚೆ ಕಚೇರಿಯಲ್ಲಿ. 1986ರಲ್ಲಿ ಸಿ-ಡಾಟ್ ಸಂಸ್ಥೆಯು ತನ್ನ ಗ್ರಾಮೀಣ ಸ್ವಯಂಚಾಲಿತ ದೂರವಾಣಿ ಕೇಂದ್ರವನ್ನು ಮೊದಲಿಗೆ ಸ್ಥಾಪಿಸಿದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿಯೇ. ಆದರೂ ಹಳ್ಳಿಯ ಪಾಲಿಗೆ ಫೋನು ಎಂಬುದು ಆ ಕಾಲಕ್ಕೆ ಬೀಗ ಹಾಕಿ ಇಡುವ ವಸ್ತುವೇ ಆಗಿತ್ತು. ಅಂಚೆಯವರನ್ನು ಎಬ್ಬಿಸಿ, ಬೀಗ ತೆಗೆಸಿ, ನನ್ನ ಚಿಕ್ಕಪ್ಪ ಪಟ್ಟಣದ ಅಗ್ನಿಶಾಮಕ ಠಾಣೆಗೆ ಫೋನು ಮಾಡಿದರು. “ಹೊಸಹಳ್ಳಿಯಲ್ಲಿ ಬೆಂಕಿ ಬಿದ್ದಿದೆ, ಬೇಗ ಬನ್ನಿ” ಎಂದು ಕೂಗಿ, ಫೋನು ಇಟ್ಟು, ಬಿಂದಿಗೆ ಹಿಡಿದು ಓಡಿದರು.

ಅಗ್ನಿಶಾಮಕ ವಾಹನ ಹೊರಟಿತು. ತಡಮಾಡದೆ ಹೊರಟಿತು. ಆದರೆ ಹೋದದ್ದು ಇನ್ನೊಂದು ಹೊಸಹಳ್ಳಿಗೆ!

ಕರ್ನಾಟಕದ ಭೂಪಟ ತೆಗೆದು ನೋಡಿ. ಹೊಸಹಳ್ಳಿ, ಹೊಸೂರು, ರಾಮಪುರ, ಬಸವನಪುರ ಎಂಬ ಹೆಸರಿನ ಊರುಗಳು ಎಷ್ಟಿವೆ ಎಂದು ಎಣಿಸಲು ಹೊರಟರೆ ನಿಮ್ಮ ಬೆರಳುಗಳು ಸಾಲವು. ನಮ್ಮ ಪಟ್ಟಣದ ಒಂದು ದಿಕ್ಕಿಗೆ ನಾವು, ಇನ್ನೊಂದು ದಿಕ್ಕಿಗೆ ಆ ಹೊಸಹಳ್ಳಿ. ವಾಹನ ಅಲ್ಲಿಗೆ ಹೋಗಿ, ಮಲಗಿದ್ದವರನ್ನು ಎಬ್ಬಿಸಿ ವಿಚಾರಿಸಿ, ತಿರುಗಿ ನಮ್ಮೂರಿಗೆ ಬರುವ ಹೊತ್ತಿಗೆ ಬಣವೆಯೂ ಇರಲಿಲ್ಲ, ಕೊಟ್ಟಿಗೆಯೂ ಇರಲಿಲ್ಲ. ಮನೆಯ ಗೋಡೆಗಳು ಮಾತ್ರ ನಿಂತಿದ್ದವು. ಕಟ್ಟಿದ ಹಗ್ಗ ಬಿಚ್ಚಲಾಗದೆ ಒಂದು ಎಮ್ಮೆ ಅಲ್ಲೇ ಸತ್ತಿತ್ತು. ಅದರ ಕರುವನ್ನು ಯಾರೋ ಹೊತ್ತುಕೊಂಡು ಹೊರಗೆ ಬಂದಿದ್ದರು. ಆ ತಾಯಿ ಅಳಲಿಲ್ಲ. ಕರುವಿನ ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತ ಕುಳಿತಿದ್ದರು.

ಊರಿನ ಕೆಲವರು ಅಗ್ನಿಶಾಮಕದವರ ಮೇಲೆ ಜಗಳಕ್ಕೆ ಹೋದರು. ನಮ್ಮ ತಾತ ಅವರನ್ನು ತಡೆದು, “ಅವರು ಬರುವುದಕ್ಕೆ ತಡಮಾಡಲಿಲ್ಲ ಕಣ್ರಪ್ಪ, ನಾವು ಕರೆಯುವುದಕ್ಕೆ ಕಲಿತಿಲ್ಲ” ಎಂದರು. ಆ ಮಾತಿನ ಅರ್ಥ ನನಗೆ ಆಗ ಪೂರ್ತಿ ಆಗಲಿಲ್ಲ.

ಇನ್ನು ಎರಡನೆಯ ಪ್ರಸಂಗ. ಅದನ್ನು ಹೇಳುವ ಮೊದಲು, ತುರ್ತು ಕರೆ ಎಂಬ ವ್ಯವಸ್ಥೆ ಹೇಗೆ ಹುಟ್ಟಿತು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ.

1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಒಂದು ಮನೆಗೆ ಬೆಂಕಿ ಬಿತ್ತು. ಐವರು ಮಹಿಳೆಯರು ಪ್ರಾಣ ಕಳೆದುಕೊಂಡರು. ನೆರೆಯವರೊಬ್ಬರು ಫೋನೆತ್ತಿ ಅಗ್ನಿಶಾಮಕ ದಳವನ್ನು ಕರೆಯಲು ಯತ್ನಿಸಿದರು. ಆದರೆ ಆ ದಿನಗಳಲ್ಲಿ ತುರ್ತು ಕರೆಗಳೂ ದೂರವಾಣಿ ಕೇಂದ್ರದ ಆಪರೇಟರನ್ನು ದಾಟಿಯೇ ಹೋಗಬೇಕು. ಹಬ್ಬದ ಶುಭಾಶಯ ಹೇಳುವವರ ಕರೆಗೂ ಮನೆ ಉರಿಯುತ್ತಿರುವವರ ಕರೆಗೂ ಒಂದೇ ಸಾಲು. ಆ ನೆರೆಯವರು ಸಾಲಿನಲ್ಲಿ ಕಾಯಬೇಕಾಯಿತು. ಕೋಪಗೊಂಡ ಅವರು ಪತ್ರಿಕೆಗೆ ಪತ್ರ ಬರೆದರು. ವಿಚಾರಣೆ ನಡೆಯಿತು. ಅದರ ಫಲವಾಗಿ 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಎಂಬ ತುರ್ತು ಸಂಖ್ಯೆ ಆರಂಭವಾಯಿತು. ಆ ಸಂಖ್ಯೆಯಿಂದ ಬಂದ ಕರೆ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಆಪರೇಟರರ ಮುಂದೆ ಕೆಂಪು ದೀಪ ಹೊತ್ತಿಕೊಳ್ಳುತ್ತಿತ್ತು, ಎಚ್ಚರಿಕೆಯ ಸದ್ದು ಮೊಳಗುತ್ತಿತ್ತು.

ಅದೇಕೆ 999? ಇಲ್ಲೊಂದು ಭೌತಶಾಸ್ತ್ರದ ಸ್ವಾರಸ್ಯವಿದೆ. ಹಳೆಯ ಕಾಲದ ಫೋನುಗಳಲ್ಲಿ ಬೆರಳು ತೂರಿಸಿ ತಿರುಗಿಸುವ ಚಕ್ರವಿತ್ತು. ಒಂದನ್ನು ತಿರುಗಿಸಿದರೆ ತಂತಿಯಲ್ಲಿ ವಿದ್ಯುತ್ತು ಒಂದು ಸಲ ಕಡಿದು ಮತ್ತೆ ಹರಿಯುತ್ತದೆ. ಒಂಬತ್ತನ್ನು ತಿರುಗಿಸಿದರೆ ಒಂಬತ್ತು ಸಲ. ಗಾಳಿಗೆ ಎರಡು ತಂತಿಗಳು ತಗುಲಿ ಬೇರ್ಪಟ್ಟರೂ ಯಂತ್ರ ಅದನ್ನು ‘ಒಂದು’ ಎಂದೇ ಓದಿಕೊಳ್ಳಬಹುದು. ಹಾಗಾಗಿ 111 ಎಂದು ಇಟ್ಟಿದ್ದರೆ ಗಾಳಿಯೇ ಅಗ್ನಿಶಾಮಕ ದಳವನ್ನು ಕರೆಯುತ್ತಿತ್ತು! ಅದಲ್ಲದೆ, ಹೊಗೆ ತುಂಬಿದ ಕತ್ತಲ ಕೋಣೆಯಲ್ಲಿಯೂ ಚಕ್ರದ ತುದಿಯ ತಡೆಗೂಟವನ್ನು ಬೆರಳಿನಿಂದ ಮುಟ್ಟಿ, ಅಲ್ಲಿಂದ ಒಂಬತ್ತರ ತೂತನ್ನು ಹುಡುಕಿಕೊಳ್ಳುವುದು ಸುಲಭವಾಗಿತ್ತು.

ನಮ್ಮ ದೇಶದಲ್ಲಿ ಪೊಲೀಸರಿಗೆ 100, ಅಗ್ನಿಶಾಮಕ ದಳಕ್ಕೆ 101 ಎಂಬ ಸಂಖ್ಯೆಗಳು ಬಹುಕಾಲದಿಂದ ಇದ್ದವು. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಆಂಬುಲೆನ್ಸ್ ಸೇವೆ ಆರಂಭವಾಯಿತು. ಕರ್ನಾಟಕಕ್ಕೆ ಅದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಬಂದದ್ದು 2008ರ ರಾಜ್ಯೋತ್ಸವದ ದಿನ. 2019ರಲ್ಲಿ ನಮ್ಮ ರಾಜ್ಯಕ್ಕೆ 112 ಬಂತು. ಪೊಲೀಸರು, ಅಗ್ನಿಶಾಮಕ ದಳ, ವೈದ್ಯಕೀಯ ನೆರವು, ಎಲ್ಲಕ್ಕೂ ಈ ಒಂದೇ ಸಂಖ್ಯೆ ಸಾಕು. 1991ರಲ್ಲಿ ಯುರೋಪಿನ ದೇಶಗಳು ಸೇರಿ ಒಪ್ಪಿಕೊಂಡ ತುರ್ತು ಸಂಖ್ಯೆಯೂ ಇದೇ 112.

ಹೀಗೆ ಸಂಖ್ಯೆ ಬಂತು, ವಾಹನ ಬಂತು, ಕಿಸೆಯಲ್ಲೇ ಫೋನು ಬಂತು. ಇನ್ನೇನು ಬೇಕು? ನಾನೂ ಹಾಗೆಯೇ ಅಂದುಕೊಂಡಿದ್ದೆ, 2013ರ ಒಂದು ಮಧ್ಯಾಹ್ನದವರೆಗೆ.

ಆ ದಿನ ಕೆರೆಗಳ ಹೂಳೆತ್ತುವ ಕೆಲಸದ ಬಗ್ಗೆ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆ ತುಮಕೂರು ಜಿಲ್ಲೆಯ ಹುಳಿಯಾರಿನ ಕಡೆಗೆ ಹೋಗಿದ್ದೆವು. ಕೆಲಸ ಮುಗಿಸಿ ಹಿಂತಿರುಗುವಾಗ ನಮ್ಮ ಚಾಲಕರು ಜೀಪನ್ನು ಮೆಲ್ಲಗೆ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. “ಮೇಡಂ, ಎದೆಯ ಮೇಲೆ ಯಾರೋ ಕಲ್ಲು ಹೇರಿದ ಹಾಗಿದೆ” ಎಂದರು. ಮುಖವೆಲ್ಲ ಬೆವರು. ಎಡತೋಳನ್ನು ಒತ್ತಿ ಹಿಡಿದಿದ್ದರು. ವಯಸ್ಸು ಐವತ್ತೆರಡು. ಹೃದಯಾಘಾತದ ಲಕ್ಷಣಗಳ ಬಗ್ಗೆ ನಾನೇ ಎರಡು ಕಾರ್ಯಕ್ರಮ ಮಾಡಿದ್ದೆ. ಆದ್ದರಿಂದ ಗುರುತಿಸುವುದು ಕಷ್ಟವಾಗಲಿಲ್ಲ. ತಂಡದಲ್ಲಿ ಜೀಪು ಓಡಿಸಲು ಬರುತ್ತಿದ್ದವರು ಅವರೊಬ್ಬರೇ. 108ಕ್ಕೆ ಕರೆ ಮಾಡಿದೆ. ಕೂಡಲೇ ಒಂದು ಹೆಣ್ಣು ದನಿ ಕೇಳಿತು: “ಎಲ್ಲಿದ್ದೀರಿ?”

“ತುಮಕೂರಿನ ಹತ್ತಿರ” ಎಂದೆ.

ತುಮಕೂರು ಅಲ್ಲಿಂದ ಎಪ್ಪತ್ತು ಎಂಬತ್ತು ಕಿಲೋಮೀಟರು ದೂರ. “ಯಾವ ತಾಲ್ಲೂಕು?” “ಗೊತ್ತಿಲ್ಲ.” “ಯಾವ ರಸ್ತೆ? ಹತ್ತಿರದ ಹಳ್ಳಿ ಯಾವುದು?” ಸುತ್ತ ನೋಡಿದೆ. ಎಡಕ್ಕೆ ತೆಂಗಿನ ತೋಟ, ಬಲಕ್ಕೂ ತೆಂಗಿನ ತೋಟ. “ತೆಂಗಿನ ತೋಟ ಇದೆ” ಎಂದೆ. ಆ ಸೀಮೆಯಲ್ಲಿ ತೆಂಗಿನ ತೋಟ ಇದೆ ಎನ್ನುವುದು, ಕಡಲಿನ ನಡುವೆ ನಿಂತು ಇಲ್ಲಿ ನೀರಿದೆ ಎಂದ ಹಾಗೆ. ಬೆಳಗಿನಿಂದ ಅದೇ ರಸ್ತೆಯಲ್ಲಿ ಎರಡು ಬಾರಿ ಓಡಾಡಿದ್ದೆ. ಕಿಟಕಿಯಾಚೆ ಒಮ್ಮೆಯೂ ಒಂದು ಫಲಕವನ್ನೂ ಓದಿರಲಿಲ್ಲ.

ಫೋನು ಮಾಡಿದ ಮಾತ್ರಕ್ಕೆ ನಾವಿರುವ ಜಾಗ ಅವರಿಗೆ ತಾನೇ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಫೋನು ಯಾವ ಗೋಪುರದ ಮೂಲಕ ಮಾತನಾಡುತ್ತಿದೆ ಎಂಬುದರಿಂದ ಸುಮಾರಾಗಿ ತಿಳಿಯಬಹುದು. ನಗರದಲ್ಲಿ ಗೋಪುರಗಳು ಒತ್ತೊತ್ತಾಗಿರುತ್ತವೆ. ಹಳ್ಳಿಗಾಡಿನಲ್ಲಿ ಒಂದೇ ಗೋಪುರ ಹಲವು ಕಿಲೋಮೀಟರು ಸುತ್ತಳತೆಗೆ ಸೇವೆ ಕೊಡುತ್ತದೆ. ಅಷ್ಟರಲ್ಲಿ ಹತ್ತು ಹಳ್ಳಿಗಳೂ ಇಪ್ಪತ್ತು ತಿರುವುಗಳೂ ಇರಬಹುದು. ಇಂದಿನ ಸ್ಮಾರ್ಟ್‌ಫೋನುಗಳು ಉಪಗ್ರಹಗಳ ಸಂಕೇತ ಹಿಡಿದು ಇದಕ್ಕಿಂತ ಬಹಳ ನಿಖರವಾಗಿ ಸ್ಥಳ ಹೇಳಬಲ್ಲವು, ನಿಜ. ಆದರೆ ಆ ಸೌಲಭ್ಯ ಚಾಲೂ ಇರಬೇಕು, ಬ್ಯಾಟರಿ ಇರಬೇಕು, ಸಂಕೇತ ಸಿಗಬೇಕು. ಇಷ್ಟೂ ‘ಬೇಕು’ಗಳು ಒಟ್ಟಿಗೆ ಕೂಡಿಬರದ ಗಳಿಗೆಯಲ್ಲೂ ಕೆಲಸ ಮಾಡುವ ಒಂದು ಉಪಕರಣವಿದೆ. ಅದು ನಿಮ್ಮ ನಾಲಗೆ.

ಅಷ್ಟರಲ್ಲಿ ಸೈಕಲಿನಲ್ಲಿ ಒಬ್ಬರು ಬಂದರು. ಹೆಗಲಲ್ಲಿ ಹಗ್ಗ, ಚೀಲದಲ್ಲಿ ಇಕ್ಕಳ. ವಿದ್ಯುತ್ ಕಂಬ ಹತ್ತುವ ಲೈನ್‌ಮನ್. ನನ್ನ ಮುಖ ನೋಡಿ ಸೈಕಲ್ ನಿಲ್ಲಿಸಿದರು. ಒಂದು ಮಾತೂ ಕೇಳದೆ ಫೋನಿಗೆ ಕೈಚಾಚಿದರು. “ಚಿಕ್ಕನಾಯಕನಹಳ್ಳಿ ತಾಲ್ಲೂಕು. ಹುಳಿಯಾರಿಗೆ ಏಳು ಕಿಲೋಮೀಟರು ಅಂತ ಕಲ್ಲಿದೆ, ಅದರಿಂದ ಈಚೆಗೆ ನೂರು ಹೆಜ್ಜೆ. ಎಡಗಡೆ ಬಿಳೀ ಜೀಪು. ಒಬ್ಬರಿಗೆ ಎದೆನೋವು, ಎಚ್ಚರ ಇದ್ದಾರೆ, ಮಾತಾಡ್ತಿದ್ದಾರೆ. ನಾನು ರಸ್ತೇಲಿ ಕೆಂಪು ಬಟ್ಟೆ ಹಿಡ್ಕೊಂಡು ನಿಂತಿರ್ತೀನಿ.” ಇಷ್ಟೇ. ನನ್ನ ಎರಡು ಕಾರ್ಯಕ್ರಮಗಳಿಗಿಂತ ಈ ಐದು ವಾಕ್ಯಗಳು ದೊಡ್ಡವು.

ಆಂಬುಲೆನ್ಸ್ ಬಂತು. ಅದರ ಚಾಲಕರನ್ನು ಪೈಲಟ್ ಎನ್ನುತ್ತಾರೆ. ಜೊತೆಗೆ ತುರ್ತು ಚಿಕಿತ್ಸೆಯ ತರಬೇತಿ ಪಡೆದ ಒಬ್ಬ ತಂತ್ರಜ್ಞರಿರುತ್ತಾರೆ. ಪೈಲಟ್ ಕೆಂಪು ಬಟ್ಟೆಯನ್ನು ದೂರದಿಂದಲೇ ಕಂಡಿದ್ದರು. ನಮ್ಮ ಚಾಲಕರು ಬದುಕಿದರು. ನಿವೃತ್ತರಾಗಿ ಈಗ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುವ ಕೆಲಸದಲ್ಲಿದ್ದಾರೆ.

ಆ ಲೈನ್‌ಮನ್‌ಗೆ ಏನು ಗೊತ್ತಿತ್ತು, ನನಗೇನು ಗೊತ್ತಿರಲಿಲ್ಲ? ಅವರು ನೆಲವನ್ನು ಓದಬಲ್ಲವರು. ಅದನ್ನು ನೀವೂ ಕಲಿಯಬಹುದು. ರಸ್ತೆ ಬದಿಯ ಮೈಲಿಗಲ್ಲುಗಳ ತಲೆಯ ಬಣ್ಣವನ್ನು ಎಂದಾದರೂ ಗಮನಿಸಿದ್ದೀರಾ? ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ವಿದ್ಯುತ್ ರೈಲು ಓಡುವ ಹಳಿಯ ಪಕ್ಕದ ಕಂಬಗಳ ಮೇಲೆ 45/12 ಎಂಬಂತಹ ಅಂಕಿಗಳಿರುತ್ತವೆ. ಅಂದರೆ 45ನೆಯ ಕಿಲೋಮೀಟರಿನ 12ನೆಯ ಕಂಬ. ಅಂಗಡಿಯ ನಾಮಫಲಕದ ಕೊನೆಯ ಸಾಲಿನಲ್ಲಿ, ಶಾಲೆಯ ಗೋಡೆಯ ಮೇಲೆ, ಬಸ್ ತಂಗುದಾಣದ ಹಣೆಯ ಮೇಲೆ ಊರು, ತಾಲ್ಲೂಕಿನ ಹೆಸರು ಬರೆದಿರುತ್ತದೆ. ಇಡೀ ನೆಲವೇ ತನ್ನ ವಿಳಾಸವನ್ನು ಹೇಳುತ್ತ ನಿಂತಿದೆ. ನಾವು ಕಣ್ಣೆತ್ತಿ ಓದಬೇಕು, ಅಷ್ಟೇ.

ಇಷ್ಟೆಲ್ಲ ಕಲಿತ ಮೇಲೆ ನಾನು ಜಾಣೆಯಾದೆ ಎಂದು ನೀವು ಭಾವಿಸಿದರೆ, ದಯವಿಟ್ಟು ಮೂರನೆಯ ಪ್ರಸಂಗವನ್ನೂ ಕೇಳಿ. ಇದನ್ನು ಹೇಳುವುದು ನನಗೆ ಸ್ವಲ್ಪ ಕಷ್ಟ.

2022. ಬೆಂಗಳೂರಿನ ನಮ್ಮ ಮನೆ. ಬೆಳಗಿನ ಜಾವ ಐದೂವರೆ. ನನ್ನ ತಂದೆ ಎದ್ದು ಹಲ್ಲುಜ್ಜಲು ಹೋದವರು, ಕೈಯಿಂದ ಜಾರಿದ ಲೋಟವನ್ನೇ ನೋಡುತ್ತ ನಿಂತಿದ್ದರು. ಬಾಯಿಯ ಒಂದು ಬದಿ ಜೋತಿತ್ತು. ಎರಡೂ ಕೈ ಎತ್ತಿ ಎಂದರೆ ಬಲಗೈ ಏಳಲಿಲ್ಲ. ಹೆಸರು ಹೇಳಿ ಎಂದರೆ ಮಾತು ತೊದಲಿತು. ಮುಖ, ಕೈ, ಮಾತು: ಈ ಮೂರರಲ್ಲಿ ಒಂದು ಹಠಾತ್ತನೆ ಕೆಟ್ಟರೂ ಅದು ಪಾರ್ಶ್ವವಾಯುವಿನ ಸೂಚನೆ ಇರಬಹುದು. ಆಗ ನಾಲ್ಕನೆಯದಾದ ಸಮಯವನ್ನು ಗುರುತು ಹಾಕಿಕೊಳ್ಳಬೇಕು. ಏಕೆಂದರೆ ಮೆದುಳಿನ ರಕ್ತನಾಳದಲ್ಲಿ ಗರಣೆ ಕಟ್ಟಿಕೊಂಡಿದ್ದರೆ, ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಲಾಭ.

ಇದೆಲ್ಲವೂ ನನಗೆ ಗೊತ್ತಿತ್ತು. ಕರೆ ಮಾಡಿದೆ. ಬಡಾವಣೆ, ಮುಖ್ಯರಸ್ತೆ, ಅಡ್ಡರಸ್ತೆ, ಮನೆಯ ಸಂಖ್ಯೆ, ರೋಗಿಯ ವಯಸ್ಸು, ಲಕ್ಷಣ ಎಲ್ಲವನ್ನೂ ತಡವರಿಸದೆ ಹೇಳಿದೆ. ಹುಳಿಯಾರಿನ ಲೈನ್‌ಮನ್ ನನ್ನನ್ನು ನೋಡಿದ್ದರೆ ಮೆಚ್ಚುತ್ತಿದ್ದರು. ಫೋನು ಇಟ್ಟೆ. ತಕ್ಷಣ ಅದೇ ಫೋನಿನಿಂದ ಶಿವಮೊಗ್ಗದಲ್ಲಿದ್ದ ತಮ್ಮನಿಗೆ ಕರೆ ಮಾಡಿದೆ. ಆಮೇಲೆ ಅತ್ತೆಗೆ. ಆಮೇಲೆ ಪರಿಚಯದ ವೈದ್ಯರೊಬ್ಬರಿಗೆ.

ನಾನು ಹೇಳದೆ ಬಿಟ್ಟದ್ದು ಎರಡೇ ಪದ, ‘ಮೊದಲನೇ ಹಂತ’. ನಮ್ಮ ಬಡಾವಣೆಯಲ್ಲಿ ಎರಡು ಹಂತಗಳಿವೆ. ಎರಡರಲ್ಲೂ ಅದೇ ಸಂಖ್ಯೆಯ ಮುಖ್ಯರಸ್ತೆ, ಅದೇ ಸಂಖ್ಯೆಯ ಅಡ್ಡರಸ್ತೆ. ಆಂಬುಲೆನ್ಸಿನ ಪೈಲಟ್ ಎರಡನೇ ಹಂತಕ್ಕೆ ಹೋಗಿ, ಮನೆ ಸಿಗದೆ ನನಗೆ ಕರೆ ಮಾಡಿದರು. ನನ್ನ ಫೋನು ನಿರತವಾಗಿತ್ತು. ಮತ್ತೆ ಮಾಡಿದರು. ಮತ್ತೆ ನಿರತ. ಮೂರನೆಯ ಬಾರಿ ಸಿಕ್ಕೆ. ಅಷ್ಟರಲ್ಲಿ ಏಳು ನಿಮಿಷ ಕಳೆದಿತ್ತು.

ನೋಡಿದಿರಾ? ಮೂವತ್ತೊಂದು ವರ್ಷಗಳ ಬಳಿಕ, ಅಷ್ಟು ದೊಡ್ಡ ನಗರದಲ್ಲಿ, ಅಷ್ಟು ಓದಿದ ಮೇಲೆ, ನಾನೂ ಆಂಬುಲೆನ್ಸನ್ನು ಇನ್ನೊಂದು ಹೊಸಹಳ್ಳಿಗೆ ಕಳಿಸಿದ್ದೆ.

2006ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಲೆಕ್ಕಾಚಾರವಿದೆ. ಮೆದುಳಿನ ದೊಡ್ಡ ರಕ್ತನಾಳವೊಂದು ಮುಚ್ಚಿಕೊಂಡು ಚಿಕಿತ್ಸೆ ಸಿಗದಿದ್ದರೆ, ಸರಾಸರಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಅದು ಹೇಳುತ್ತದೆ. ವಿಜ್ಞಾನ ಓದಿದವರಿಗೆ ಗುಣಾಕಾರ ಮಾಡದೆ ಇರುವುದು ಕಷ್ಟ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನು ಮಾಡಿದೆ. ಏಳು ಹತ್ತೊಂಬತ್ತಲೆ ನೂರ ಮೂವತ್ತಮೂರು.

ನನ್ನ ತಂದೆ ಇದ್ದಾರೆ. ನಡೆಯುತ್ತಾರೆ, ಮಾತನಾಡುತ್ತಾರೆ, ಪತ್ರಿಕೆ ಓದಿ ಸರ್ಕಾರವನ್ನು ಬೈಯುತ್ತಾರೆ. ಆದರೆ ಬಲಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಆಗುವುದಿಲ್ಲ. ದಿನಾ ಬೆಳಿಗ್ಗೆ ನಾನು ಹಾಕುತ್ತೇನೆ. ಅದು ಆ ಏಳು ನಿಮಿಷಗಳಿಂದಲೇ ಆಯಿತು ಎಂದು ಹೇಳಲು ಯಾವ ವೈದ್ಯರಿಗೂ ಸಾಧ್ಯವಿಲ್ಲ. ಅದರಿಂದ ಅಲ್ಲ ಎಂದು ಹೇಳಲೂ ಸಾಧ್ಯವಿಲ್ಲ. ಮೊದಲ ಗುಂಡಿ ಹಾಕುವಾಗ ಆ ಲೆಕ್ಕ ಒಮ್ಮೊಮ್ಮೆ ನೆನಪಾಗುತ್ತದೆ. “ಯಾಕಮ್ಮ ಕೈ ನಿಂತಿತು?” ಎಂದು ಕೇಳುತ್ತಾರೆ. ಏನೂ ಇಲ್ಲ ಎನ್ನುತ್ತೇನೆ.

ಮಿತ್ರರೇ, ಈ ಮೂರು ಪ್ರಸಂಗಗಳಿಂದ ನಾನು ಕಲಿತದ್ದು ಇಷ್ಟು: ಸಹಾಯಕ್ಕಾಗಿ ಕೂಗುವುದು ಬೇರೆ, ಸಹಾಯವನ್ನು ಕರೆಯುವುದು ಬೇರೆ. ಕೂಗಲು ಭಯ ಸಾಕು. ಕರೆಯಲು ಅಭ್ಯಾಸ ಬೇಕು. ಕರೆ ಮಾಡಿದವರೇ ಆ ರಕ್ಷಣಾ ತಂಡದ ಮೊದಲ ಸದಸ್ಯರು. ಅವರ ಕೆಲಸ ಕೆಟ್ಟರೆ ಹಿಂದಿನ ಎಲ್ಲರ ಕೆಲಸವೂ ತಡವಾಗುತ್ತದೆ.

ಹಾಗಾದರೆ ಹೇಗೆ ಕರೆಯಬೇಕು? ಮೊದಲು ಸ್ಥಳ. ಸ್ಥಳವನ್ನೇ ಮೊದಲು ಹೇಳುವುದಕ್ಕೆ ಕಾರಣವಿದೆ. ನಡುವೆ ಕರೆ ಕಡಿದುಹೋದರೂ ಎಲ್ಲಿಗೆ ಬರಬೇಕೆಂಬುದು ಅವರಿಗೆ ತಿಳಿದಿರುತ್ತದೆ. ದೊಡ್ಡದರಿಂದ ಸಣ್ಣದಕ್ಕೆ ಬನ್ನಿ: ಜಿಲ್ಲೆ, ತಾಲ್ಲೂಕು, ಊರು, ರಸ್ತೆ, ಗುರುತು. ಅದೇ ಹೆಸರಿನ ಇನ್ನೊಂದು ಊರೋ ರಸ್ತೆಯೋ ಇದ್ದರೆ ‘ಅದಲ್ಲ, ಇದು’ ಎಂದು ನೀವೇ ಹೇಳಿ. ಆಮೇಲೆ ಏನಾಗಿದೆ, ಎಷ್ಟು ಜನರಿಗೆ ಆಗಿದೆ, ಎಚ್ಚರವಿದೆಯೇ, ಉಸಿರಾಡುತ್ತಿದ್ದಾರೆಯೇ. ಅವರು ಇಡಿ ಎನ್ನುವವರೆಗೆ ಫೋನು ಇಡಬೇಡಿ. ನೀವು ಉತ್ತರಿಸುತ್ತಿರುವಾಗಲೇ ವಾಹನ ಹೊರಡಿಸುವ ಕೆಲಸ ಸಾಗಿರಬಹುದು. ಪ್ರಶ್ನೆ ಕೇಳಿ ಕಾಲ ಕಳೆಯುತ್ತಿದ್ದಾರೆ ಎಂದು ಸಿಡುಕಬೇಡಿ. ಕರೆ ಮುಗಿದ ಮೇಲೆ ಆ ಫೋನನ್ನು ಖಾಲಿ ಬಿಡಿ; ಬಂಧುಗಳಿಗೆ ಬೇರೆ ಫೋನಿನಿಂದ ತಿಳಿಸಿ. ಒಬ್ಬರನ್ನು ರಸ್ತೆಯ ತಿರುವಿನಲ್ಲಿ ನಿಲ್ಲಿಸಿ. ರಾತ್ರಿಯಾದರೆ ಕೈಯಲ್ಲಿ ಟಾರ್ಚು ಇರಲಿ.

ಕರೆಯಲು ನಾನು ಚಿಕ್ಕವನು, ಚಿಕ್ಕವಳು ಎಂದು ಹಿಂಜರಿಯಬೇಡಿ. ಮನೆಯಲ್ಲಿ ದೊಡ್ಡವರು ಗಾಬರಿಯಾದಾಗ ಸ್ಪಷ್ಟವಾಗಿ ಮಾತನಾಡಬಲ್ಲವರು ನೀವೇ ಆಗಿರಬಹುದು. ರಸ್ತೆಯಲ್ಲಿ ಅಪಘಾತವಾದಾಗ ಕರೆ ಮಾಡಿದರೆ ಪೊಲೀಸು, ಸಾಕ್ಷಿ ಎಂದು ಅಲೆಯಬೇಕಾದೀತು ಎಂಬ ಭಯ ಹಿರಿಯರಲ್ಲಿದೆ. ಹಾಗೆ ನೆರವಾದವರಿಗೆ ರಕ್ಷಣೆ ಕೊಡುವ ಮಾರ್ಗಸೂಚಿಗಳನ್ನು ಸರ್ವೋಚ್ಚ ನ್ಯಾಯಾಲಯ 2016ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಇದಕ್ಕಾಗಿಯೇ ಪ್ರತ್ಯೇಕ ಕಾನೂನು ಮಾಡಿದ ರಾಜ್ಯ ನಮ್ಮ ಕರ್ನಾಟಕ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲೂ ಈ ರಕ್ಷಣೆ ಸೇರಿದೆ. ಇದನ್ನು ಮನೆಯಲ್ಲಿ ಹೇಳಿ.

ಇನ್ನೊಂದು ಮಾತು. ಎಲ್ಲ ಆಪತ್ತುಗಳಿಗೂ ಹೊಗೆಯಾಗಲಿ ರಕ್ತವಾಗಲಿ ಇರುವುದಿಲ್ಲ. ಮಕ್ಕಳಿಗೆ ತೊಂದರೆಯಾದಾಗ 1098 ಇದೆ. ಫೋನಿನಲ್ಲಿ ಯಾರೋ ವಂಚಿಸಿ ಹಣ ಎಳೆದುಕೊಂಡರೆ ಆ ಕೂಡಲೇ ಕರೆಯಲು 1930 ಇದೆ. ಮನಸ್ಸು ತೀರಾ ಕುಗ್ಗಿ ಬದುಕೇ ಬೇಡವೆನಿಸಿದಾಗ ಮಾತನಾಡಲು 14416 ಇದೆ. 2022ರಲ್ಲಿ ಆರಂಭವಾದ ಈ ‘ಟೆಲಿ ಮಾನಸ್’ ಸೇವೆಗೆ ಮಾರ್ಗದರ್ಶನ ಮಾಡುವ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಈ ಸಂಖ್ಯೆ ನಿಮ್ಮ ಗೆಳೆಯರ ಬಳಿಯೂ ಇರಲಿ.

ತಮಾಷೆಗೆ ತುರ್ತು ಸಂಖ್ಯೆಗೆ ಕರೆ ಮಾಡುವ ಗೆಳೆಯರು ನಿಮ್ಮಲ್ಲಿದ್ದರೆ ಅವರಿಗೆ ವಿಂಪೋಲ್ ಬೀದಿಯ ಕಥೆ ಹೇಳಿ. 1935ರಲ್ಲಿ ಸಾಲು ಕಾಯಿಸಿದ್ದು ಯಂತ್ರದ ಕೊರತೆ. ಇಂದು ಸಾಲು ಕಾಯಿಸಿದರೆ ಅದು ನಮ್ಮದೇ ಕೊರತೆ.

ಕೊನೆಯದಾಗಿ ಒಂದು ಮನೆಗೆಲಸ. ಇವತ್ತು ರಾತ್ರಿ ಒಂದು ಹಾಳೆ ತೆಗೆದುಕೊಂಡು ನಿಮ್ಮ ಮನೆಯ ದಾರಿಯನ್ನು ಒಬ್ಬ ಅಪರಿಚಿತರಿಗೆ ತಿಳಿಯುವಂತೆ ಐದು ಸಾಲಿನಲ್ಲಿ ಬರೆಯಿರಿ. ಬರೆದದ್ದನ್ನು ನಿಮ್ಮ ಮನೆಗೆ ಎಂದೂ ಬಂದಿರದ ಸಹಪಾಠಿಗೆ ಕೊಟ್ಟು, ಯಾರನ್ನೂ ಕೇಳದೆ ಬರಲು ಹೇಳಿ. ಅವರು ಎಲ್ಲಿ ದಾರಿ ತಪ್ಪುತ್ತಾರೋ ಅಲ್ಲಿ ನಿಮ್ಮ ವಾಕ್ಯವನ್ನು ತಿದ್ದಿ. ತಿದ್ದಿದ ಹಾಳೆಯ ಮೇಲೆ 112 ಮತ್ತು 108 ಎಂದು ದಪ್ಪಕ್ಷರದಲ್ಲಿ ಬರೆದು, ಬಾಗಿಲ ಹಿಂದೆ ಅಂಟಿಸಿ. ಗಾಬರಿಯಲ್ಲಿ ನೆನಪು ಕೈಕೊಡುತ್ತದೆ, ಗೋಡೆ ಕೈಕೊಡುವುದಿಲ್ಲ.

ನಮ್ಮ ಮನೆಯ ಬಾಗಿಲ ಹಿಂದೆಯೂ ಅಂಥ ಒಂದು ಹಾಳೆ ಇದೆ. ಅದನ್ನು ಬರೆಯಿಸಿದವರು ನನ್ನ ತಂದೆಯೇ. ಅದರ ಮೊದಲ ಸಾಲು: ‘ಮೊದಲನೇ ಹಂತ.’ ಆ ಎರಡು ಪದಗಳ ಕೆಳಗೆ ಅವರು ಎಡಗೈಯಿಂದ ಎರಡು ಗೆರೆ ಎಳೆದಿದ್ದಾರೆ.

ಆ ಹಾಳೆಯನ್ನು ನೋಡುವ ಪ್ರಸಂಗ ನಿಮ್ಮ ಮನೆಯಲ್ಲಿ ಎಂದೂ ಬಾರದಿರಲಿ. ಬಂದರೆ, “ಎಲ್ಲಿದ್ದೀರಿ?” ಎಂಬ ಪ್ರಶ್ನೆಗೆ ನಿಮ್ಮ ಬಳಿ ಉತ್ತರವಿರಲಿ.